ಚಂಪಾಬಾಯಿಯ ಗೂಡಿನ ಗುಳಿಗೆ

ಗುಂಜೋಟಿಯ ಚಂಪಾಬಾಯಿಯ ಮನೆಯಲ್ಲಿ ಕರು ಭೇದಿ ಮಾಡಿಕೊಂಡರೆ ಯಾರೂ ದನದ ಡಾಕ್ಟರರನ್ನು ಕರೆಯುತ್ತಿರಲಿಲ್ಲ. ಅಡುಗೆಮನೆಯ ಗೋಡೆಯಲ್ಲಿ ಒಂದು ಗೂಡಿತ್ತು. ವಿಭೂತಿ ಡಬ್ಬಿಯ ಹಿಂದೆ ಅಲ್ಲಿ ಉಳಿದ ಗುಳಿಗೆಗಳೆಲ್ಲ ಕೂತಿದ್ದವು: ಮಗ ನೀಲೇಶನ ಜ್ವರದವು, ಸೊಸೆ ಜಯಮಾಲಾಳ ಹೆರಿಗೆಯವು, ಆಕಳಿಗೆ ತಂದು ಅರ್ಧ ಮಿಕ್ಕಿದ ಪುಡಿ. ಚಂಪಾಬಾಯಿ ಒಂದನ್ನು ಕುಟ್ಟಿ, ಬೆಲ್ಲದ ಉಂಡೆಯಲ್ಲಿಟ್ಟು ಕರುವಿನ ಬಾಯಿಗೆ ತುರುಕುವಳು. ಭೇದಿ ನಿಂತರೆ ಔಷಧವೂ ನಿಂತಿತು. ಮನೆಯವರ ಹೊಟ್ಟೆ ಕೆಟ್ಟರೂ ಅದೇ ಗೂಡೇ ಗತಿ.

“ಹೊಟ್ಟಿ ಅಂದ್ರ ಹೊಟ್ಟಿನೇ. ಕರಕ್ಕೂ ಕೂಸಿಗೂ ಏನ್ ಫರಕ್ ಅದ?” ಅನ್ನುವಳು.

ಓಣಿಯ ಹೆಂಗಸರೂ ಕೈಯೊಡ್ಡಿ ಬರುತ್ತಿದ್ದರು. ದವಾಖಾನೆಗಿಂತ ಆ ಗೂಡಿಗೇ ಗಿರಾಕಿ ಹೆಚ್ಚು. ಚಂಪಾಬಾಯಿಗೂ ಅದರ ಹೆಮ್ಮೆ ಇಲ್ಲದಿರಲಿಲ್ಲ.

ಈ ಸಲದ ಮಳೆಗಾಲದಲ್ಲಿ ದೇವಣಿ ತಳಿಯ ಎಳೆಗರು ಮೋತಿಗೆ ಭೇದಿ ಹತ್ತಿತು. ಬೆಲ್ಲದ ಉಂಡೆ ಕೊಟ್ಟರೂ ನಿಲ್ಲಲಿಲ್ಲ. ಚಂಪಾಬಾಯಿ ಕೊಟ್ಟಿಗೆ ಬಳಿದು, ಅದೇ ಸಗಣಿಯಿಂದ ಅಂಗಳ ಸಾರಿಸಿ, ಕೈಗೆ ನೀರು ತೋರಿಸಿ ರೊಟ್ಟಿ ಬಡಿಯಲು ಕೂತಳು.

“ಅತ್ತಿ, ಸಾಬೂನ್ ಹಚ್ಚಿ ತೊಳ್ಕೊರಿ,” ಎಂದಳು ಜಯಮಾಲಾ.

“ಕೈ ಕೆಸರಾದ್ರ ಬಾಯಿ ಮೊಸರವ್ವ. ಸಗಣಿ ಏನ್ ಹೊಲಸಾ?”

ಮೊಮ್ಮಗಳು ಸ್ನೇಹಲ ದಿನವಿಡೀ ಮೋತಿಯ ಕೊರಳಿಗೆ ಜೋತುಬಿದ್ದಿರುತ್ತಿದ್ದಳು. ಕೆಲವೇ ದಿನಗಳಲ್ಲಿ ಅವಳಿಗೂ ಭೇದಿ ಶುರುವಾಯಿತು. ಅಜ್ಜಿ ಗೂಡಿನ ಗುಳಿಗೆ ಕೊಟ್ಟಳು. ಕಡಿಮೆಯಾಗುವ ಬದಲು ಮೈ ಕೆಂಡವಾಯಿತು, ಮಲದಲ್ಲಿ ರಕ್ತ ಕಂಡಿತು. ಆಟವಾಡುತ್ತಿದ್ದ ಮಗು ಕಣ್ಣು ಗುಳಿಬಿದ್ದು, ನೀರು ಕೇಳುವ ತ್ರಾಣವೂ ಇಲ್ಲದೆ ಮಲಗಿತು. ಉಮರ್ಗಾದ ದವಾಖಾನೆಗೆ ಒಯ್ಯುವಾಗ ಚಂಪಾಬಾಯಿ ಮಗುವನ್ನು ಮಡಿಲಿನಿಂದ ಇಳಿಸಲಿಲ್ಲ.

ಅಲ್ಲಿ ಸಲಾಯಿನ್ ಏರಿಸಿದರು, ಇಂಜೆಕ್ಷನ್ ಕೊಟ್ಟರು. ಜ್ವರ ಇಳಿಯಲಿಲ್ಲ. ಮಲದ ಪರೀಕ್ಷೆಯ ರಿಪೋರ್ಟ್ ಬಂದ ಮೇಲೆ ಡಾಕ್ಟರರು ನೀಲೇಶನನ್ನು ಕರೆದರು.

“ನಾವು ಕೊಟ್ಟ ಔಷಧಕ್ಕ ಈ ರೋಗಾಣು ಜಗ್ಗವಲ್ದು. ಮನ್ಯಾಗಿನ ಗುಳಗಿಗೂ ಜಗ್ಗಂಗಿಲ್ಲ. ಇನ್ನೊಂದ್ ಔಷಧ ಅದ, ಕೊಡ್ತೀವಿ.”

“ಅದಕ್ಕೂ ಜಗ್ಗಲಿಲ್ಲಂದ್ರ ಸಾಹೇಬ್ರ?”

“ನೋಡೋಣ,” ಎಂದರು ಡಾಕ್ಟರರು. ಆ ಒಂದು ಮಾತಿಗೆ ಪಕ್ಕದಲ್ಲಿದ್ದ ಚಂಪಾಬಾಯಿಯ ಎದೆ ಒಡೆಯಿತು. ಔಷಧಕ್ಕೇ ಹೆದರದ ರೋಗವೂ ಇರುತ್ತದೆಯೇ?

ಸುದ್ದಿ ತಿಳಿದು ಚಂಪಾಬಾಯಿಯ ತಂಗಿಯ ಮಗಳು ಪ್ರಣಿತಾ ಉದಗೀರದಿಂದ ಓಡಿ ಬಂದಳು. ಆಕೆ ಪಶುವೈದ್ಯೆ. ಗೂಡಿನ ಕಥೆಯನ್ನೆಲ್ಲ ಕೇಳಿ ದೊಡ್ಡಮ್ಮನ ಪಕ್ಕದಲ್ಲಿ ಕೂತಳು.

“ದೊಡ್ಡವ್ವ, ಹೊಟ್ಟ್ಯಾಗ ಲಕ್ಷಾಂತರ ಜೀವಾಣು ಇರ್ತಾವ. ಕರದಾಗೂ ಅವ, ನಮ್ಮಾಗೂ ಅವ. ನೀ ಗುಳಗಿ ಕೊಟ್ಟಾಗೊಮ್ಮೆ ಬಡವು ಸಾಯ್ತಾವ. ಗಟ್ಟಿ ಇದ್ದವು ಬದುಕಿ ಮರಿ ಹಾಕ್ತಾವ. ಬರ್ತಾ ಬರ್ತಾ ಆ ಗುಳಗಿಗಿ ಜಗ್ಗದವೇ ಉಳೀತಾವ.”

“ಅವು ಕರದ ಹೊಟ್ಟ್ಯಾಗ ಇರ್ತಾವಲ್ಲವ್ವ. ನಮ್ಮ ಕೂಸಿಗಿ ಹ್ಯಾಂಗ ಬಂದಾವು?”

“ಸಗಣ್ಯಾಗ ಹೊರಗ ಬರ್ತಾವ. ಕೈಗಿ, ನೀರಿಗಿ, ರೊಟ್ಟಿಗಿ ಹತ್ತತಾವ. ಮನುಷ್ಯಾರಿಂದ ದನಕ್ಕೂ ಹಿಂಗೇ ಹೋಗ್ತಾವ. ಸ್ನೇಹಲಗ ಮೋತಿದೇ ಹತ್ಯಾದ ಅಂತ ನಾ ಆಣಿ ಮಾಡಿ ಹೇಳಲ್ಲ. ಆದ್ರ ಆ ದಾರಿ ನಮ್ಮ ಮನ್ಯಾಗ ತೆರದೇ ಅದ.”

ಚಂಪಾಬಾಯಿ ತನ್ನ ಅಂಗೈ ನೋಡಿಕೊಂಡಳು. ಈ ಕೈಯಿಂದಲೇ ಕೂಸಿಗೆ ತುತ್ತು ಕೊಟ್ಟಿದ್ದಳು. ಅವಳಿಗೆ ಆ ಕೈಯ ಮೇಲೇ ಭಯವಾಯಿತು. ಅದನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಂಡು ಅತ್ತಳು.

ಹೊಸ ಔಷಧ ನಿಧಾನವಾಗಿ ಹತ್ತಿತು. ಒಂದು ಮುಂಜಾನೆ ಸ್ನೇಹಲ ಕಣ್ಣು ತೆರೆದು, “ಆಯಿ, ಮೋತಿ ಉಂಡದೇನು?” ಎಂದು ಅಜ್ಜಿಯನ್ನು ಕೇಳಿದಳು. ಚಂಪಾಬಾಯಿಗೆ ಹೋದ ಜೀವ ಬಂದಂತಾಯಿತು.

ಮೋತಿಯನ್ನು ಪ್ರಣಿತಾ ಬೇರೆ ಕಟ್ಟಿಸಿ, ತಾನೇ ನೋಡಿ ಚಿಕಿತ್ಸೆ ಮಾಡಿದಳು. ಗೂಡಿನ ಗುಳಿಗೆಗಳನ್ನೆಲ್ಲ ಚೀಲಕ್ಕೆ ತುಂಬಿ, ತಿಪ್ಪೆಗೆ ಎಸೆಯದೆ ದವಾಖಾನೆಗೆ ಒಪ್ಪಿಸಿದಳು. ನೀರಿನ ಬಾನಿಯ ಪಕ್ಕದಲ್ಲಿ ಸಾಬೂನು ಬಂದು ಕೂತಿತು.

ಮಗು ಮನೆಗೆ ಬಂದ ಸಂಜೆ ನೆರೆಯ ಅಂಬುಬಾಯಿ ಬಾಗಿಲಿಗೆ ಬಂದಳು. ಅವಳಿಗೆ ಏನೂ ಗೊತ್ತಿರಲಿಲ್ಲ.

“ಅಕ್ಕಾ, ನಮ್ಮ ಮೊಮ್ಮಗಗ ಭೇದಿ ಹತ್ಯಾದ. ಹೋದ ಸಲ ಕೊಟ್ಟಿದ್ರಲ್ಲ, ಅದೇ ಗುಳಗಿ ಒಂದ್ ಕೊಡ್ರಿ.”

ಹೋದ ಸಲ. ಅದಕ್ಕೂ ಹಿಂದಿನ ಸಲ. ಅಂಬುಬಾಯಿಯ ಮನೆ, ಅದರಾಚೆಯ ಮನೆ, ಅವರ ದನಕರು, ಅವರ ಕೂಸುಗಳು. ಚಂಪಾಬಾಯಿಗೆ ಇಡೀ ಓಣಿ ಕಣ್ಣಮುಂದೆ ಬಂತು. ಯಾರ ಹೊಟ್ಟೆಯಲ್ಲಿ ಏನು ಬೆಳೆದು ಕೂತಿದೆಯೋ.

“ಗೂಡು ಖಾಲಿ ಅದ ಅಂಬು. ಖಾಲಿನೇ ಇರ್ತದ,” ಎಂದು ಅವಳ ಕೈ ಹಿಡಿದಳು. “ಓಆರ್‌ಎಸ್ ಪುಡಿ ಕೊಡ್ತೀನಿ, ಕಾಸಿ ಆರಿಸಿದ ನೀರಾಗ ಕಲಸಿ ಗುಟುಕ್ ಗುಟುಕ್ ಕುಡಸು. ಈಗೇ ದವಾಖಾನಿಗಿ ಹೋಗೋಣ ನಡಿ. ನಾನೂ ಬರ್ತೀನಿ.”

ಓದುತ್ತಿರುವ ಅಕ್ಕ, ಕೇಳುತ್ತಿರುವ ಅಣ್ಣ, ನಿಮ್ಮ ಮನೆಯಲ್ಲೂ ಒಂದು ಗೂಡಿದೆ, ಹೌದಲ್ಲವೇ? ಎದ್ದು ನೋಡಿರಿ. ಉಳಿದ ಗುಳಿಗೆಯನ್ನು ಕೂಸಿಗೂ ಕೊಡಬೇಡಿ, ಕರುವಿಗೂ ಕೊಡಬೇಡಿ, ನೆರೆಯವರಿಗೆ ಹಂಚಲೂ ಬೇಡಿ. ಡಾಕ್ಟರರು ಬರೆದುಕೊಟ್ಟ ಔಷಧವನ್ನು ಅವರು ಹೇಳಿದಷ್ಟು ದಿನ ತಪ್ಪದೆ ತೆಗೆದುಕೊಳ್ಳಿ. ದನಕ್ಕೆ ಕೊಟ್ಟ ಮದ್ದು ಹಾಲಿಗೂ ಇಳಿಯುತ್ತದೆ; ಪಶುವೈದ್ಯರು ಹೇಳುವವರೆಗೆ ಆ ಹಾಲನ್ನು ಮಾರಬೇಡಿ, ಮನೆಯಲ್ಲೂ ಕುಡಿಯಬೇಡಿ. ಸಗಣಿ ಮುಟ್ಟಿದ ಕೈಗೆ ಸಾಬೂನು ಹಚ್ಚಿ, ಆಮೇಲೆ ಹಿಟ್ಟು ಮುಟ್ಟಿ. ಸ್ನೇಹಲಳಿಗೆ ಇನ್ನೊಂದು ಔಷಧ ಉಳಿದಿತ್ತು. ನಿಮ್ಮ ಮಗುವಿನ ಸರದಿ ಬಂದಾಗಲೂ ಅದು ಉಳಿದಿರಲಿ.