ಬಸ್‌ಸ್ಟ್ಯಾಂಡಿನಲ್ಲಿ ಹುಸೇನಬಿ ಕಂಡಿದ್ದು

ಬಸ್ಸಿನ ಸೀಟು ಹಿಡಿಯಲು ಕಿಟಕಿಯಿಂದ ಹೆಗಲ ವಸ್ತ್ರ ಎಸೆಯುವುದು ನಮ್ಮ ಕಡೆಯ ರೂಢಿ. ಆ ವಸ್ತ್ರದ ಸಲುವಾಗಿ ತಲೆ ಒಡೆದುಕೊಂಡವರೂ ನಾವೇ.

೧೯೮೩ರಲ್ಲಿ ಇಳಕಲ್ಲಿನ ಕಲ್ಲುಗಣಿಯೊಂದರಲ್ಲಿ ಎಚ್ಚರಿಕೆಯ ಗಂಟೆ ಬಾರಿಸದೆ ಮದ್ದು ಹಾರಿಸಿದರು. ಕೂಲಿಕಾರ್ತಿ ತಾಯವ್ವನ ಗಂಡ ಸತ್ತ. ಕಣ್ಣಾರೆ ಕಂಡವನು ಮುದಕಪ್ಪ ಒಬ್ಬನೇ. ಬಾಗಲಕೋಟೆಯಲ್ಲಿ ಗಣಿ ಗುತ್ತಿಗೆದಾರನ ಮೇಲಿನ ಕೇಸಿನ ವಿಚಾರಣೆ ಇಟ್ಟ ದಿನ ಅವನು ಸಾಕ್ಷಿ ಹೇಳಲು ಹೊರಟು, ಮುಂಜಾನೆಯೇ ಬಸ್ಸಿನ ಕಿಟಕಿಯಿಂದ ತನ್ನ ಕಂಬಳಿ ಹಾಕಿ ಸೀಟು ಹಿಡಿದ. ಜೊತೆಗೆ ಹೊರಟವಳು ಅದೇ ಗಣಿಯಲ್ಲಿ ಜಲ್ಲಿ ಒಡೆಯುವ ಹುಸೇನಬಿ.

ಒಳಗೆ ಹೋಗಿ ನೋಡಿದರೆ ಒಬ್ಬ ಗಂಡಸು ಕಂಬಳಿಯನ್ನು ಕೆಳಗೆ ಎಸೆದು, ಅದರ ಮೇಲೆ ಚಪ್ಪಲಿಗಾಲು ಇಟ್ಟು ಕೂತಿದ್ದ. ಬೀರಪ್ಪ ದೇವರ ಒಕ್ಕಲಾದ ಮುದಕಪ್ಪನಂಥ ಕುರುಬರಿಗೆ ಕಂಬಳಿ ಎಂದರೆ ದೇವರ ಗದ್ದುಗೆ.

“ಏನಲೇ, ಕುರಿ ಬಿಟ್ಟು ಬಂದು ಸೀಟ ಬೇಕಾತೇನ?” ಎಂದ ಅವನು.

ಮುದಕಪ್ಪ ಅವನ ಕೊರಳಪಟ್ಟಿಗೆ ಕೈ ಚಾಚಿದ. ಹುಸೇನಬಿ ಆ ಕೈ ಹಿಡಿದು ಡ್ರೈವರನ ಸಮೀಪಕ್ಕೆ ಎಳೆದುಕೊಂಡು ಬಂದಳು.

“ಬಿಡಬೇ ಅಕ್ಕಾ. ಕಂಬಳಿ ತುಳದಾನ ಅಂವ.”

“ನೋಡೇನಿ ತಮ್ಮಾ. ನೀ ಅವನ್ನಷ್ಟ ನೋಡಿದಿ, ನಾ ಸುತ್ತ ನೋಡಿದೆ. ಬಾಗಲದಾಗ ಒಬ್ಬ, ನಿನ್ನ ಬೆನ್ನ ಹಿಂದ ಒಬ್ಬ. ಮೂರೂ ಮಂದಿ ಕೈಯಾಗ ಒಂದು ಚೀಲ ಇಲ್ಲ. ಬೈಯೋದು ನಿನಗ, ಕಣ್ಣು ಬಾಗಲದಾಂವನ ಕಡೆ. ಊರಿಗೆ ಹೊಂಟ ಮಂದಿ ಹಿಂಗ ಇರ್ತಾರೇನ?”

“ಹಂಗಂತ ಸುಮ್ನ ನಿಂದ್ರಲೇನ?”

“ಹಾಕು ಒಂದು ಏಟು, ಗುತ್ತಿಗೆದಾರಗ ಬೇಕಾದ್ದೂ ಅದ. ಮಧ್ಯಾಹ್ನ ನೀ ಠಾಣಾದಾಗ, ಇಲ್ಲಾ ದವಾಖಾನ್ಯಾಗ. ತಾಯವ್ವನ ಪರವಾಗಿ ವಿಚಾರಣ್ಯಾಗ ಗಣಿ ಕಲ್ಲು ಮಾತಾಡ್ತಾವೇನ?”

ಮುದಕಪ್ಪನ ಕೈ ಇಳಿಯಿತು. ಹುಸೇನಬಿ ಬಸ್ಸಿಗೆಲ್ಲ ಕೇಳುವಂತೆ ಹೇಳಿದಳು: “ಕಂಡಕ್ಟರ ಸಾಹೇಬ್ರ, ಸೀಟು ಅವರಿಗೇ ಇರ್ಲಿ. ಮೂವರೂ ಎಲ್ಲಿಗೆ ಹೊಂಟಾರ ಕೇಳಿ ಮೊದಲ ಟಿಕೀಟ ಹರೀರಿ.”

ಕಂಡಕ್ಟರ್ ಕೇಳಿದ. ಮಂದಿ ತಿರುಗಿ ನೋಡಿತು. ಮೂವರೂ ಟಿಕೀಟು ತೆಗೆಸದೆ ಗೊಣಗುತ್ತ ಇಳಿದರು.

ಹುನಗುಂದ ದಾಟಿದರೂ ಮುದಕಪ್ಪನ ಮುಖ ಬಿಗಿದೇ ಇತ್ತು. “ಹೆದರಿ ಸರದಂಗಾತಲ್ಲಬೇ.”

“ಹೆದರಿದ್ರ ಮನಿಗೆ ಹೊಳ್ಳತಿದ್ವಿ. ಈ ಬಸ್ಸು ಎಲ್ಲಿಗೆ ಹೊಂಟೈತಿ?”

ಅವನು ನಕ್ಕುಬಿಟ್ಟ. “ಖರೆ ಐತಿ ನಿನ್ನ ಮಾತು.”

ಮಧ್ಯಾಹ್ನ ಗುತ್ತಿಗೆದಾರನ ಎದುರಿಗೇ ನಿಂತು ಮುದಕಪ್ಪ ಹೇಳಿದ: “ಗಂಟಿ ಬಾರಿಸಲಿಲ್ರಿ. ನಾ ಅಲ್ಲೇ ಇದ್ದೆ.”

ದುಡಿಯುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಮ್ಮ ಸಿಟ್ಟು ನ್ಯಾಯದ್ದು. ಅದನ್ನು ಬಸ್ಸಿನಲ್ಲಿ, ಸಂತೆಯಲ್ಲಿ ಸುಟ್ಟು ಮುಗಿಸಲು ಕಾದು ಕೂತವರಿದ್ದಾರೆ. ಯಾರಾದರೂ ಕೆಣಕಿದರೆ ಅವನೊಬ್ಬನನ್ನೇ ನೋಡಬೇಡಿ. ಅವನ ಹಿಂದೆ ಯಾರಿದ್ದಾರೆ, ಹೊರಹೋಗುವ ದಾರಿ ಯಾವುದು, ಕಂಡುಕೊಳ್ಳಿ. ಮಂದಿಯ ನಡುವೆ ಹೋಗಿ ನಿಂತು ಗಟ್ಟಿ ದನಿಯಲ್ಲಿ ನೆರವು ಕೇಳಿ. ಸೀಟು ಹೋದರೆ ಹೋಗಲಿ, ಸಾಕ್ಷಿ ಬಿಡಬೇಡಿ.