ಪಕ್ಕದವರ ಉಸಿರು

ಮಕ್ಕಳ ಹಾಡಿಗೆ ಚಪ್ಪಾಳೆ ತಟ್ಟಿ, ಬಹಳ ಚೆನ್ನಾಗಿತ್ತೆಂದು ಹೇಳಿ, ಮನೆಗೆ ಹೋಗಿ ಉಂಡು ಮಲಗಿದ ನೀವು, ಆ ಮಕ್ಕಳು ಬೇರೆ ಬೇರೆ ಊರುಗಳಲ್ಲಿ ಗೋಡೆಗೆ ಮುಖ ಮಾಡಿಕೊಂಡು ಏಕೆ ಹಾಡಬೇಕಾಯಿತೆಂದು ಒಮ್ಮೆಯಾದರೂ ಕೇಳಿದಿರಾ?

ಕೇಳಲಿಲ್ಲ. ಆದ್ದರಿಂದಲೇ ಹೇಳಬೇಕಾಗಿದೆ.

ಬೇಲೂರಿನಲ್ಲಿ ಸಂಗೀತದ ಉಪಾಧ್ಯಾಯಿನಿಯಾಗಿದ್ದ ಲತಾಮಣಿಯವರು ಒಂದು ಯುವ ವೃಂದಗಾನ ತಂಡವನ್ನು ಕಟ್ಟಿದ್ದರು. ಪ್ರೌಢಶಾಲೆ ಮುಗಿಸುತ್ತಿರುವ, ಕಾಲೇಜಿಗೆ ಕಾಲಿಟ್ಟಿರುವ ವಯಸ್ಸಿನ ಹುಡುಗ ಹುಡುಗಿಯರು. ವರ್ತಕರ ಸಂಘವೊಂದರ ಭವನದಲ್ಲಿ ಶನಿವಾರ ಮಧ್ಯಾಹ್ನ ಅವರ ಅಭ್ಯಾಸ. ಅರಸೀಕೆರೆಯ ಮಕ್ಕಳು ಜಾವಗಲ್ ಮಾರ್ಗದ ಸರ್ಕಾರಿ ಬಸ್ಸಿನಲ್ಲಿ ಬರುತ್ತಿದ್ದರು. ಅದೇ ಬಸ್ಸಿಗೆ ಹಳೇಬೀಡಿನಲ್ಲಿ ಹಳೇಬೀಡು, ಬಸ್ತಿಹಳ್ಳಿಗಳ ಮಕ್ಕಳು ಹತ್ತುತ್ತಿದ್ದರು. ಅವರಿಗಾಗಿ ಅರಸೀಕೆರೆಯವರು ಕರ್ಚೀಫು, ಪುಸ್ತಕದ ಚೀಲ, ಏನೂ ಸಿಗದಿದ್ದರೆ ಚಪ್ಪಲಿಯನ್ನಾದರೂ ಇಟ್ಟು ಸೀಟು ಹಿಡಿದಿರುತ್ತಿದ್ದರು. ಕಂಡಕ್ಟರು ಬೈಯುತ್ತಿದ್ದ. ಅಲ್ಲಿಂದ ಬೇಲೂರಿನವರೆಗೆ ಬಸ್ಸೇ ಅಭ್ಯಾಸದ ಮನೆ.

ಲತಾಮಣಿಯವರ ಪಾಠದಲ್ಲಿ ಸ್ವರಕ್ಕಿಂತ ಮೊದಲು ನಿಲ್ಲುವ ಕ್ರಮ ಬರುತ್ತಿತ್ತು. ಭುಜಕ್ಕೆ ಭುಜ ತಾಗುವಂತೆ ನಿಲ್ಲಬೇಕು. ಪಕ್ಕದವರು ಉಸಿರೆಳೆದರೆ ಅವರ ಭುಜ ತುಸು ಮೇಲೇಳುತ್ತದೆ. ಅದು ನಮ್ಮ ಭುಜಕ್ಕೆ ತಿಳಿಯುತ್ತದೆ. ಆಗ ನಾವೂ ಉಸಿರೆಳೆಯಬೇಕು. ಎದುರಿಗೆ ನಿಂತು ಕೈ ಬೀಸಿ ಹಾಡಿಸುವುದು ಅವರಿಗೆ ಒಗ್ಗುತ್ತಿರಲಿಲ್ಲ. ಇನ್ನೊಂದು ನಿಯಮವಿತ್ತು. ಯಾರಾದರೂ ಹಿಂದೆ ಬಿದ್ದರೆ ಉಳಿದವರು ಹಿಡಿದ ಸ್ವರದಲ್ಲೇ ನಿಂತು ಅವರಿಗಾಗಿ ಕಾಯಬೇಕು. ಒಬ್ಬರನ್ನು ಹಿಂದೆ ಬಿಟ್ಟು ಮುಂದೆ ಓಡಿದವನು ಎಷ್ಟು ಇಂಪಾಗಿ ಹಾಡಿದರೂ ತಪ್ಪು ಹಾಡಿದಂತೆಯೇ.

ಅವರೇ ರಚಿಸಿದ ಒಂದು ಹಾಡನ್ನು ಆ ವರ್ಷ ಕಲಿಸಿದ್ದರು. ಯಗಚಿ ಹೋಗಿ ಹೇಮಾವತಿಯನ್ನು ಸೇರುವ ಹಾಡು. ಮೇಲಿನ ದನಿಗಳು ಯಗಚಿ, ಕೆಳಗಿನ ದನಿಗಳು ಹೇಮಾವತಿ. ಹಾಡಿನುದ್ದಕ್ಕೂ ಬೇರೆಬೇರೆಯಾಗಿ ಹರಿದು, ಕೊನೆಯ ಸಾಲಿನಲ್ಲಿ ಮಾತ್ರ ಎರಡೂ ಒಂದೇ ಸ್ವರಕ್ಕೆ ಬಂದು ಸೇರಬೇಕು. ಮೇಲಿನ ದನಿಗೆ ಮುಂದಾಳು ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ಷಡಕ್ಷರಪ್ಪನವರ ಮಗಳು ಪುಷ್ಪಲತಾ. ಕೆಳಗಿನ ದನಿಗೆ, ಹಳೇಬೀಡಿನಲ್ಲಿ ಬ್ಯಾಂಕ್ ನೌಕರರಾಗಿದ್ದ ಭೀಮರಾಜ್ ಅವರ ಮಗ ಸಮ್ಯಕ್. ಭೀಮರಾಜ್ ಅವರದು ಬೌದ್ಧ ಧರ್ಮ ಸ್ವೀಕರಿಸಿದ ದಲಿತ ಕುಟುಂಬ. ಕೊನೆಯ ಸಾಲಿಗಾಗಿ ಈ ಇಬ್ಬರನ್ನೂ ಲತಾಮಣಿಯವರು ಅಕ್ಕಪಕ್ಕ ನಿಲ್ಲಿಸಿದ್ದರು.

ಎರಡು ಸಾವಿರದ ಏಳನೆಯ ಇಸವಿಯ ರಾಜ್ಯೋತ್ಸವದಲ್ಲಿ ತಂಡ ಆ ಹಾಡನ್ನು ಹಾಡಿತು. ಭಾವಚಿತ್ರ ಪತ್ರಿಕೆಯಲ್ಲಿ ಬಂತು. ಭುಜಕ್ಕೆ ಭುಜ ತಾಗಿಸಿ ನಿಂತಿದ್ದ ಮಕ್ಕಳನ್ನು ಊರು ನೋಡಿತು.

ಮುಂದಿನ ವಾರವೇ ಭವನದ ಅಧ್ಯಕ್ಷ ಗಂಗಾಧರಪ್ಪನವರು ನೆಲ ಕಿತ್ತು ಹೊಸದಾಗಿ ಹಾಕಿಸಬೇಕೆಂದೂ, ಅಲ್ಲಿಯವರೆಗೆ ಅಭ್ಯಾಸಕ್ಕೆ ಅವಕಾಶವಿಲ್ಲವೆಂದೂ ತಿಳಿಸಿದರು. ಷಡಕ್ಷರಪ್ಪನವರು, ಪಿಯುಸಿ ಪರೀಕ್ಷೆಯ ವರ್ಷ, ಮಗಳು ಬಸ್ಸಿನಲ್ಲಿ ಓಡಾಡುವುದು ಬೇಡವೆಂದರು. ಅವರನ್ನು ನೋಡಿ ಅರಸೀಕೆರೆಯ ಇತರ ತಂದೆತಾಯಿಗಳಿಗೂ ಬಸ್ಸು ಅಪಾಯಕರವಾಗಿ ಕಂಡಿತು. ಜಾತಿಯ ಹೆಸರನ್ನು ಯಾರೂ ಎತ್ತಲಿಲ್ಲ. ಎತ್ತದೆ ಇರುವುದಕ್ಕೆ ನಮ್ಮಲ್ಲಿ ಸಭ್ಯತೆಯೆಂದು ಹೆಸರು. ಆಡಿದ ಮಾತಿಗಾದರೆ ಎದುರು ಮಾತಾಡಬಹುದು. ನೆಲದ ದುರಸ್ತಿಗೆ ಯಾರು ಏನೆಂದು ಉತ್ತರ ಕೊಟ್ಟಾರು?

ಅರಸೀಕೆರೆಯ ರೈಲು ನಿಲ್ದಾಣದ ಎದುರು ಇಂಟರ್ನೆಟ್ ಕೇಂದ್ರ ಇಟ್ಟುಕೊಂಡಿದ್ದ ಇಂದ್ರೇಶ್ ಎಂಬ ಯುವಕ ಒಂದು ದಾರಿ ತೋರಿಸಿದ. ಅರಸೀಕೆರೆಯವರು ತನ್ನ ಕೇಂದ್ರದಲ್ಲಿ ಕೂರಲಿ, ಹಳೇಬೀಡಿನವರು ಭೀಮರಾಜ್ ಅವರ ಮನೆಯ ಕಂಪ್ಯೂಟರಿನ ಮುಂದೆ ಕೂರಲಿ, ಲತಾಮಣಿಯವರು ಬೇಲೂರಿನಿಂದ ಪಾಠ ಮಾಡಲಿ ಎಂದ. ಚಿತ್ರ ಹಾಕಿದರೆ ಸಂಪರ್ಕ ಕಡಿದುಹೋಗುತ್ತಿದ್ದುದರಿಂದ ದನಿ ಮಾತ್ರ. ಎರಡೂ ಕಡೆ ಗೋಡೆಗೆ ತಾಗಿಸಿಟ್ಟ ಕಂಪ್ಯೂಟರಿಗೆ ಮುಖ ಮಾಡಿ ಹಾಡಬೇಕು. ಪಾಠವೇನೋ ನಡೆಯಿತು, ಚೆನ್ನಾಗಿಯೇ ನಡೆಯಿತು. ಮಕ್ಕಳು ತಮ್ಮ ತಮ್ಮ ದನಿಯನ್ನು ಮುದ್ರಿಸಿ ಮೇಲ್ ಮಾಡುತ್ತಿದ್ದರು. ಎಲ್ಲಿ ಶ್ರುತಿ ಜಾರಿತು, ಎಲ್ಲಿ ಅಕ್ಷರ ನುಂಗಿಹೋಯಿತು ಎಂದು ಲತಾಮಣಿಯವರು ಒಬ್ಬೊಬ್ಬರಿಗೂ ಬರೆಯುತ್ತಿದ್ದರು. ಬಸ್ಸಿನ ಗದ್ದಲದಲ್ಲಿ ಮುದುಡಿ ಕೂರುತ್ತಿದ್ದ ಸಂಕೋಚದ ಮಕ್ಕಳು ಕೂಡ ದನಿ ಬಿಟ್ಟು ಹಾಡಲು ಕಲಿತರು. ಇದನ್ನು ಅಲ್ಲಗಳೆಯುವುದು ಅನ್ಯಾಯವಾದೀತು. ತಂದೆತಾಯಿಗಳಂತೂ ಈ ವ್ಯವಸ್ಥೆ ಮೊದಲೇ ಬರಬೇಕಿತ್ತೆಂದು ಕೊಂಡಾಡಿದರು. ಕೊಂಡಾಡದೆ ಏನು? ಯಾರೂ ಯಾರ ಪಕ್ಕದಲ್ಲೂ ನಿಲ್ಲಬೇಕಾಗಿರಲಿಲ್ಲ.

ಎರಡೂ ಊರಿನವರನ್ನು ಒಟ್ಟಿಗೆ ಹಾಡಿಸಿದ ದಿನ ಮಾತ್ರ ವಿಚಿತ್ರವಾಯಿತು. ಹಾಡು ಸರಿಯಾಗಿಯೇ ಹೊರಟು, ಸಾಲು ಸಾಲಿಗೂ ನಿಧಾನವಾಗುತ್ತ, ಭಾರದ ಗಾಡಿ ಏರು ಹತ್ತುವಂತೆ ಏದುತ್ತ, ಕೊನೆಯ ಸಾಲಿಗೆ ಬರುವ ಮೊದಲೇ ನಿಂತುಹೋಯಿತು.

‘ಮಿಸ್, ಹಳೇಬೀಡಿನವ್ರು ಎಳೀತಿದಾರೆ,’ ಎಂದು ಪುಷ್ಪಲತಾ ದೂರಿದಳು.

‘ನಾವೆಲ್ಲಿ ಎಳೀತಿದೀವಿ ಮಿಸ್? ಅರಸೀಕೆರೆ ಜಂಕ್ಷನ್ ಅಲ್ವಾ, ಎಲ್ಲಾ ಗಾಡೀನೂ ಅಲ್ಲಿ ನಿಂತೇ ಹೋಗ್ಬೇಕು,’ ಎಂದ ಸಮ್ಯಕ್.

‘ನಿಮ್ಮೂರಲ್ಲಿ ಇರೋರೆಲ್ಲಾ ಕಲ್ಲು ಕಣೋ. ಬಾಯಿ ತೆಗ್ಯೋಕೆ ಹೊತ್ತು ಹಿಡಿಯುತ್ತೆ ಬಿಡು.’

ಅರಸೀಕೆರೆಯವರು ನಕ್ಕು ಮುಗಿಸಿದ ಮೇಲೆ ಹಳೇಬೀಡಿನ ನಗು ಕೇಳಿಸಿತು. ಲತಾಮಣಿಯವರಿಗೆ ಹೊಳೆದದ್ದು ಆಗ. ದನಿ ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗಲು ಹೊತ್ತು ತೆಗೆದುಕೊಳ್ಳುತ್ತಿತ್ತು. ಅಲ್ಲಿಯವರು ಹಿಂದೆ ಬಿದ್ದರೆಂದು ಇಲ್ಲಿಯವರು ಕಾಯುತ್ತಿದ್ದರು. ಇಲ್ಲಿಯವರು ಹಿಂದೆ ಬಿದ್ದರೆಂದು ಅಲ್ಲಿಯವರು ಕಾಯುತ್ತಿದ್ದರು. ಯಾರೂ ತಪ್ಪಿರಲಿಲ್ಲ. ಕಲಿಸಿದ ನಿಯಮವನ್ನು ಎಲ್ಲರೂ ಪಾಲಿಸಿದ್ದರು, ಅದಕ್ಕೇ ಹಾಡು ಸತ್ತಿತ್ತು.

ಬೇರೆ ಉಪಾಯವಿರಲಿಲ್ಲ. ಇಂದ್ರೇಶ್ ಒಂದೊಂದು ಊರಿನವರಿಂದಲೂ, ಇನ್ನೊಂದು ಊರಿನವರ ದನಿ ಕೇಳಿಸದಂತೆ ಮಾಡಿ, ಪ್ರತ್ಯೇಕವಾಗಿ ಹಾಡಿಸಿ ಮುದ್ರಿಸಿಕೊಂಡ. ಎರಡನ್ನೂ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂರಿಸಿ ಸಿಡಿ ಮಾಡಿಕೊಟ್ಟ. ಹಾಡು ಕೊನೆಯ ಸಾಲನ್ನು ಮುಟ್ಟಿತು. ಕೂದಲೆಳೆಯಷ್ಟೂ ಹೆಚ್ಚು ಕಡಿಮೆಯಿಲ್ಲದೆ ಮುಟ್ಟಿತು. ಲತಾಮಣಿಯವರು ಅದನ್ನು ಕೇಳಿ, ಮತ್ತೆ ಹಾಕಿಸಿ ಕೇಳಿ, ಕೊನೆಯ ಸಾಲಿನ ಮುಂಚೆ ಮಕ್ಕಳ ಉಸಿರು ಏಕೆ ಕೇಳಿಸುತ್ತಿಲ್ಲವೆಂದು ವಿಚಾರಿಸಿದರು.

‘ಹೊಂದಲಿಲ್ಲ ಮೇಡಂ,’ ಎಂದ ಇಂದ್ರೇಶ್. ‘ಅವ್ರುದ್ದೇ ಬೇರೆ, ಇವ್ರುದ್ದೇ ಬೇರೆ ಥರ ಬಂದಿತ್ತು. ಅದಕ್ಕೇ ಉಸಿರನ್ನೆಲ್ಲ ಕತ್ತರಿಸಿ ತೆಗೆದ್ಬಿಟ್ಟೆ.’

ಅಂದಿನಿಂದ ಲತಾಮಣಿಯವರಿಗೆ ಒಂದೇ ಹಂಬಲ. ಪುಷ್ಪಲತಾ ಪರೀಕ್ಷೆ ಮುಗಿಸಿ ಜೂನ್ ತಿಂಗಳಲ್ಲಿ ಮೈಸೂರಿನ ಕಾಲೇಜಿಗೆ ಸೇರುವವಳಿದ್ದಳು. ದೊಡ್ಡ ಮಕ್ಕಳೆಲ್ಲ ಚದುರಿಹೋಗುತ್ತಿದ್ದರು. ಅಷ್ಟರೊಳಗೆ ಒಂದು ಸಲ ಅವರೆಲ್ಲರೂ ಒಂದೆಡೆ ನಿಂತು, ಒಟ್ಟಿಗೆ ಉಸಿರೆಳೆದು, ಆ ಕೊನೆಯ ಸಾಲನ್ನು ಹಾಡಬೇಕು. ಶನಿವಾರ ಮಧ್ಯಾಹ್ನ ಅರಸೀಕೆರೆಯ ಬಸ್ಸು ಬರುವ ವೇಳೆಗೆ ಅವರು ನಿಲ್ದಾಣಕ್ಕೆ ಹೋಗಿ ನಿಲ್ಲುತ್ತಿದ್ದರಂತೆ. ಮಕ್ಕಳು ಯಾರೂ ಇಳಿಯುವುದಿಲ್ಲವೆಂದು ಗೊತ್ತಿದ್ದೂ, ಬಸ್ಸು ಖಾಲಿಯಾಗುವವರೆಗೆ ನೋಡಿ, ಆಮೇಲೆ ಪಾಠಕ್ಕೆ ಹೋಗುತ್ತಿದ್ದರಂತೆ.

ಫೆಬ್ರವರಿಯಲ್ಲಿ ಗಂಗಾಧರಪ್ಪನವರೇ ಹೇಳಿಕಳಿಸಿದರು. ಸಂಘದ ವಾರ್ಷಿಕೋತ್ಸವದಲ್ಲಿ ಇಂಟರ್ನೆಟ್ ವೃಂದಗಾನ ಇಡೋಣ, ಮಕ್ಕಳು ತಮ್ಮ ತಮ್ಮ ಊರಿನಲ್ಲೇ ಇರಲಿ, ಹಾಡು ಮಾತ್ರ ಭವನದಲ್ಲಿ ಕೇಳಲಿ ಎಂದು. ಲತಾಮಣಿಯವರು ಒಪ್ಪಿದರು. ಅಂದು, ಕೀಳದೆ ಹಾಗೆಯೇ ಇದ್ದ ಹಳೆಯ ನೆಲದ ಮೇಲೆ, ಭವನ ತುಂಬಿತ್ತು. ಅರಸೀಕೆರೆಯಿಂದ ಷಡಕ್ಷರಪ್ಪನವರೂ ಅವರ ಪತ್ನಿ ಶಾಂತಾದೇವಿಯವರೂ ಬಂದಿದ್ದರು. ನೀವೂ ಇದ್ದಿರಿ. ದೂರವನ್ನು ಗೆದ್ದ ವಿಜ್ಞಾನದ ಬಗ್ಗೆ ಅಧ್ಯಕ್ಷರ ಭಾಷಣವಾಯಿತು. ಮೊದಲು ಇಂದ್ರೇಶ್ ಅದೇ ರೀತಿ ಜೋಡಿಸಿದ್ದ ಚಿಕ್ಕಪುಟ್ಟ ಹಾಡುಗಳನ್ನು ಸಿಡಿಯಿಂದಲೇ ಹಾಕಿದರು. ನಿಮ್ಮ ಚಪ್ಪಾಳೆ ಬಿದ್ದದ್ದು ಆಗ. ಬಳಿಕ ಲತಾಮಣಿಯವರು ಸಿಡಿಯನ್ನು ತೆಗೆದಿಟ್ಟು, ಎರಡೂ ಊರುಗಳ ಸಂಪರ್ಕವನ್ನು ತೆರೆದು, ಮೈಕಿನಲ್ಲಿ ಮಕ್ಕಳೊಂದಿಗೆ ಮಾತಾಡಿದರು.

‘ಇವತ್ತು ನಮ್ಮ ಮೊದಲಿನ ಕ್ರಮದಲ್ಲೇ ಹಾಡೋಣ. ಒಬ್ಬರನ್ನೊಬ್ಬರು ಕೇಳಿಸಿಕೊಳ್ಳಿ. ಹಿಂದೆ ಬಿದ್ದವರಿಗೆ ಕಾಯಿರಿ.’

‘ಮಿಸ್, ನಿಂತೋಗುತ್ತಲ್ಲ?’ ಎಂದಿತು ಪುಷ್ಪಲತಾಳ ದನಿ.

‘ನಿಂತರೆ ನಿಲ್ಲಲಿ ಕಣಮ್ಮ.’

ಯಗಚಿ ಹೊರಟಿತು, ಹೇಮಾವತಿ ಹೊರಟಿತು. ಎರಡನೆಯ ಚರಣಕ್ಕೆ ನಡೆ ಕುಂದಿತು. ಮೂರನೆಯದರಲ್ಲಿ ಒಂದೊಂದು ಸ್ವರವೂ ನೀಳವಾಗಿ ಎಳೆದುಕೊಂಡು, ಇನ್ನೊಂದು ಕಡೆಯ ಸ್ವರ ಬರಲೆಂದು ನಿಂತುಕೊಂಡಿತು. ಮುಂದಿನ ಸಾಲಿನಲ್ಲಿದ್ದವರು ಕುರ್ಚಿಯಲ್ಲಿ ಮಿಸುಕಾಡಿದರು. ಕೊನೆಯ ಸಾಲಿನ ಹೊಸ್ತಿಲಿನಲ್ಲಿ ಹಾಡು ನಿಂತಿತು.

‘ಮಿಷನ್ ಕೆಟ್ಟೋಯ್ತಾ ಮೇಡಂ?’ ಎಂದು ಗಂಗಾಧರಪ್ಪನವರು ಕೇಳಿದರು.

‘ಇಲ್ಲ ಸರ್. ಮಕ್ಕಳು ಒಬ್ಬರಿಗೊಬ್ಬರು ಕಾಯ್ತಾ ಇದ್ದಾರೆ.’

ಆಗ ಧ್ವನಿವರ್ಧಕದಿಂದ, ಸಭೆಯನ್ನು ಮರೆತಂತೆ, ಪುಷ್ಪಲತಾ ಕೇಳಿದಳು: ‘ಹಳೇಬೀಡಿನವ್ರೇ, ಇದೀರಾ? ನಾವು ಕಾಯ್ತಿದೀವಿ.’ ಭವನವೆಲ್ಲ ಕಿವಿಗೊಟ್ಟಿತು. ಬಹಳ ಹೊತ್ತಾದಂತೆನಿಸಿದ ಮೇಲೆ ಸಮ್ಯಕ್‌ನ ದನಿ ಬಂತು: ‘ನಾವೂ ಕಾಯ್ತಾನೇ ಇದೀವಿ.’ ಎರಡೂ ಕಡೆ ಮಕ್ಕಳು ಉಸಿರು ಹಿಡಿದಿದ್ದರು.

ಷಡಕ್ಷರಪ್ಪನವರು ತಲೆ ಎತ್ತಲಿಲ್ಲ. ಶಾಂತಾದೇವಿಯವರು ಮಾತ್ರ ಎದ್ದು, ಸೆರಗು ಸರಿಮಾಡಿಕೊಂಡು, ವೇದಿಕೆಯ ಹತ್ತಿರಕ್ಕೆ ಹೋದರು.

‘ಅಣ್ಣಾ, ಈ ನೆಲಕ್ಕೆ ಏನಾಗೈತೆ?’ ಎಂದು ಗಂಗಾಧರಪ್ಪನವರನ್ನು ಕೇಳಿದರು. ‘ನಾವೆಲ್ಲ ಇದ್ರ ಮೇಲೇ ಕೂತಿದೀವಲ್ಲ. ನಮ್ ಹುಡುಗಿ ನಿಂತ್ರೆ ಕುಸೀತದಾ?’

ಮುಂದಿನ ಸಭೆಯಲ್ಲಿ ವಿಚಾರ ಮಾಡೋಣವೆಂದು ಅಧ್ಯಕ್ಷರು ಹೇಳಿದರು. ಮಾರ್ಚ್ ಕಳೆಯಿತು. ಪರೀಕ್ಷೆಗಳು ಮುಗಿದವು. ಮೇ ತಿಂಗಳ ಎರಡನೆಯ ಭಾನುವಾರ ಸಂಘದ ಸರ್ವಸದಸ್ಯರ ಸಭೆಯಿದೆ. ಅಧ್ಯಕ್ಷರು ಒಬ್ಬರೇ ತೀರ್ಮಾನಿಸಲಾರರು. ವಿರೋಧವಿದೆಯೆಂದು ಅವರು ಹೇಳುತ್ತಾರೆ, ಆದರೆ ವಿರೋಧಿಸುವವರ ಹೆಸರು ಹೇಳುವುದಿಲ್ಲ. ಹೆಸರಿಲ್ಲದ ಆ ವಿರೋಧ ಸುಮ್ಮನೆ ಕೂತಿರುವ ನಿಮ್ಮನ್ನೂ ತನ್ನ ಲೆಕ್ಕಕ್ಕೆ ಸೇರಿಸಿಕೊಂಡಿದೆ. ಪುಷ್ಪಲತಾಳ ಹಾಸ್ಟೆಲಿನ ಪೆಟ್ಟಿಗೆ ಸಿದ್ಧವಾಗುತ್ತಿದೆ. ಸಮ್ಯಕ್ ಈಗಲೂ ಶನಿವಾರ ಮಧ್ಯಾಹ್ನ ಕಂಪ್ಯೂಟರಿನ ಮುಂದೆ ಕುಳಿತು ಕೆಳಗಿನ ದನಿಯನ್ನು ಒಬ್ಬನೇ ಹಾಡಿಕೊಳ್ಳುತ್ತಾನೆ, ಕೊನೆಯ ಸಾಲಿಗೆ ಬಂದಾಗ ನಿಲ್ಲಿಸುತ್ತಾನೆ.

ನೀವು ಆ ಸಂಘದ ಸದಸ್ಯರಾಗಿದ್ದರೆ ಆ ಭಾನುವಾರ ಮನೆಯಲ್ಲಿ ಉಳಿಯಬೇಡಿ. ಸಭೆಗೆ ಹೋಗಿ, ಎಲ್ಲರಿಗೂ ಕೇಳುವಂತೆ ನಿಮ್ಮ ಹೆಸರು ಹೇಳಿ, ಒಂದು ಮಧ್ಯಾಹ್ನದ ಮಟ್ಟಿಗಾದರೂ ಭವನವನ್ನು ಈ ಮಕ್ಕಳಿಗೆ ಬಿಟ್ಟುಕೊಡಿ ಎಂದು ಕೇಳಿ. ಸದಸ್ಯರಲ್ಲದಿದ್ದರೆ, ಸದಸ್ಯರಾದವರ ಮನೆಗೆ ಇಂದೇ ಹೋಗಿ ಕೇಳಿ. ದಯವಿಟ್ಟು ಜೂನ್ ಬರುವುದರೊಳಗೆ ಕೇಳಿ.