ಗೊಣಗನ ಗೂಡಿನ ರಟ್ಟು

"ತಲೆ ಕಡೆ ನೀವು ಹಿಡ್ಕೊಳಿ ಡಾಕ್ಟ್ರೇ, ಕಾಲಿನ ಕಡೆ ನಾನಿದೀನಿ," ಎಂದಳು ಅಡುಗೆಯವಳು. ನಾಯಿಗಳನ್ನು ಪರೀಕ್ಷಿಸುವ ಸ್ಟೀಲ್ ಮೇಜಿನ ಉದ್ದ ಸಾಲದೆ ಅಕ್ಕನ ಪಾದಗಳು ಹೊರಗೆ ಚಾಚಿಕೊಂಡಿದ್ದವು. ನೋಡುವುದಕ್ಕೆ ಚೆನ್ನಾಗಿರಲಿಲ್ಲ. ಇಬ್ಬರೂ ಸೇರಿ ಎರಡು ಬೆಂಚು ಜೋಡಿಸಿ ಅದರ ಮೇಲೆ ಮಲಗಿಸಿದರು. ದಿಕ್ಕಿಲ್ಲದ ನಾಯಿಗಳ ಈ ಆಶ್ರಯವನ್ನು ಇಪ್ಪತ್ತೆರಡು ವರ್ಷ ನಡೆಸಿದ ಹೆಂಗಸು, ಎಲ್ಲರ ಬಾಯಲ್ಲೂ ಅಕ್ಕ, ನಿನ್ನೆ ಬೆಳಿಗ್ಗೆ ನಾಯಿಗೂಡು ತೊಳೆಯುತ್ತ ಪೈಪು ಹಿಡಿದುಕೊಂಡೇ ಕುಸಿದು ಪ್ರಾಣ ಬಿಟ್ಟಿದ್ದಳು. ಪಾಪ, ನಲ್ಲಿ ನಿಲ್ಲಿಸುವುದಕ್ಕೂ ಪುರಸೊತ್ತು ಸಿಗಲಿಲ್ಲ.

ಒಳಗೆ ಅರವತ್ತೆರಡು ನಾಯಿಗಳು ಒಟ್ಟಿಗೆ ಬೊಗಳುತ್ತಿದ್ದವು.

"ಮೂಕಪ್ರಾಣಿಗಳಿಗೂ ಗೊತ್ತಾಗಿಬಿಟ್ಟಿದೆ ನೋಡಿ," ಎಂದು ಅಕ್ಕನ ತಂಗಿ ಕಣ್ಣೊರೆಸಿಕೊಂಡಳು.

"ಹಸಿವು ಅಮ್ಮಾ. ಹತ್ತು ಗಂಟೆ ಆಯ್ತು, ಇನ್ನೂ ಊಟ ಹಾಕಿಲ್ಲ." ಹೇಳಿದ ಮೇಲೆ ಅಡುಗೆಯವಳು ನಾಲಿಗೆ ಕಚ್ಚಿಕೊಂಡಳು. ಆದರೆ ಹೆಣವಿದೆ ಎಂದರೆ ಅರವತ್ತೆರಡು ಹೊಟ್ಟೆಗಳು ಕೇಳುತ್ತವೆಯೇ? ಬಕೆಟ್ಟು ಎತ್ತಿಕೊಂಡು ಹೊರಟಳು. ಒಬ್ಬಳೇ ಕೂತಿರಲಾರದೆ ತಂಗಿಯೂ ಹಿಂದೆ ಬಂದಳು.

ಇಲ್ಲಿ ಯಾವ ನಾಯಿಯನ್ನೂ ಸೂಜಿ ಚುಚ್ಚಿ ಸಾಯಿಸುವುದಿಲ್ಲ. ಮುದಿಯಾಗಲಿ, ಕುರುಡಾಗಲಿ, ಯಾರಾದರೂ ಕರೆದುಕೊಂಡು ಹೋಗುವವರೆಗೆ ಇರುತ್ತದೆ. ಯಾರೂ ಬರದಿದ್ದರೆ ಇದ್ದೇ ಇರುತ್ತದೆ. ಕೇಳುವುದಕ್ಕೇನೋ ಚೆನ್ನ, ದಿನಾ ತೊಳೆಯುವವರ ಸೊಂಟವನ್ನು ಕೇಳಬೇಕು.

ಕೊನೆಯ ಗೂಡಿನ ಮುಂದೆ ವಾರಕ್ಕೊಮ್ಮೆ ಬರುವ ಡಾಕ್ಟರು ನಿಂತಿದ್ದರು. ಒಳಗಿದ್ದದ್ದು ಗೊಣಗ. ನಿದ್ದೆಯಲ್ಲೂ ಗೊಣಗುತ್ತಾನೆಂದು ಆ ಹೆಸರು. ಬಾಗಿಲಿಗೆ ಕಟ್ಟಿದ ರಟ್ಟಿನ ಮೇಲೆ ಅಕ್ಕನ ದಪ್ಪ ಅಕ್ಷರ: 'ಕಚ್ಚುತ್ತದೆ. ದತ್ತು ಕೊಡುವಂತಿಲ್ಲ.'

"ಇದನ್ನ ನಾಳೆ ಊರಾಚೆ ಕೇಂದ್ರಕ್ಕೆ ಕಳಿಸಿಬಿಡೋಣ," ಎಂದರು ಡಾಕ್ಟರು. "ಅಕ್ಕ ಇದ್ರು, ನಿಭಾಯಿಸ್ತಿದ್ರು. ಇನ್ಮೇಲೆ ಯಾರು ಹತ್ರ ಹೋಗ್ತಾರೆ?"

ಆ ಕೇಂದ್ರವನ್ನು ಅಡುಗೆಯವಳು ಒಮ್ಮೆ ನೋಡಿದ್ದಳು. ಕಚ್ಚುವ ನಾಯಿಗೆ ಅಲ್ಲಿ ಒಂಟಿ ಕೋಣೆ. ಊಟ ಕಿಂಡಿಯಿಂದ ಒಳಗೆ ಹೋಗುತ್ತದೆ. ಸಾಯುವವರೆಗೆ ಯಾರೂ ಮೈ ಮುಟ್ಟುವುದಿಲ್ಲ. ಸೌಟು ಅವಳ ಕೈಯಲ್ಲೇ ನಿಂತುಬಿಟ್ಟಿತು.

*

ಮೂರು ವರ್ಷದ ಹಿಂದೆ ಗೊಣಗನನ್ನು ಎರಡನೇ ಸಲ ವಾಪಸ್ ತಂದು ಬಿಟ್ಟಿದ್ದರು. ಮೊದಲನೆಯ ಮನೆಯವರು ನಾಲ್ಕು ತಿಂಗಳು ಇಟ್ಟುಕೊಂಡಿದ್ದರು, ಎರಡನೆಯವರು ಹನ್ನೊಂದೇ ದಿನ. "ಯಾಕೋ ಸೆಟ್ ಆಗ್ಲಿಲ್ಲ," ಎಂದಿದ್ದರು, ಅಳತೆ ಸರಿಹೋಗದ ಚಪ್ಪಲಿಯ ಹಾಗೆ. ಆರು ದಿನ ಗೊಣಗ ಗೇಟಿನ ಹತ್ತಿರವೇ ರಸ್ತೆ ನೋಡುತ್ತ ಕೂತಿದ್ದ. ತಟ್ಟೆ ಮೂಸಲಿಲ್ಲ. ಅಕ್ಕ ಬಕೆಟ್ಟು ಬೋರಲು ಹಾಕಿಕೊಂಡು ಅವನ ಪಕ್ಕದಲ್ಲೇ ಕೂತಿದ್ದಳು. ಏಳನೆಯ ದಿನ ಎದ್ದುಹೋಗಿ ರಟ್ಟು ಬರೆದು ತಂದಳು.

"ಅಕ್ಕಾ, ಇದೇನಿದು? ಇವನು ನೊಣಾನೂ ಕಚ್ಚಿದವನಲ್ಲ," ಎಂದಿದ್ದಳು ಅಡುಗೆಯವಳು.

"ಗೊತ್ತು ಕಣೇ."

"ಸುಳ್ಳು ಬರೆದ್ರಲ್ಲ ಮತ್ತೆ?"

"ಬರೆದೆ. ಇನ್ನೊಂದ್ಸಲ ಇವನು ಈ ಗೇಟಲ್ಲಿ ವಾಪಸ್ ಬರೋದನ್ನ ನೋಡೋ ತಾಕತ್ತು ನನಗಿಲ್ಲ. ಸಾಕಾಗಿದೆ. ನೀನು ಬಾಯಿ ಬಿಡಬೇಡ ಅಷ್ಟೇ."

ಅಡುಗೆಯವಳು ಬಾಯಿ ಬಿಟ್ಟಿರಲಿಲ್ಲ. ಡಾಕ್ಟರು ಬಂದ ದಿನ ಅಕ್ಕ ಗೊಣಗನ ಬಾಯಿಗೆ ಪಟ್ಟಿ ಕಟ್ಟಿಯೇ ತರುತ್ತಿದ್ದಳು. ಎಂಥಾ ನಾಟಕ!

*

ದರ್ಜಿ ಹೆಂಗಸು ಒಂದು ಕಾಲೆಳೆಯುತ್ತ ಬಂದು ಅಕ್ಕನ ಪಾದದ ಹತ್ತಿರ ಹೂವಿಟ್ಟಳು. ಆಮೇಲೆ ನೇರವಾಗಿ ಕೊನೆಯ ಗೂಡಿಗೇ ಬಂದಳು. ಹಿಂದಿನ ಮೂರು ಭಾನುವಾರವೂ ಹಾಗೆಯೇ ಬಂದಿದ್ದಳು. "ಓಡೋ ನಾಯಿ ನನಗೆ ಬೇಡ," ಎಂದು ಅಕ್ಕನನ್ನು ಗೋಗರೆದಿದ್ದಳು. "ದಿನವಿಡೀ ಮಷೀನ್ ಮುಂದೆ ಇರ್ತೀನಿ. ಪಕ್ಕದಲ್ಲಿ ಸುಮ್ನೆ ಕೂತಿರೋದು ಬೇಕು. ಇದು ಆಗುತ್ತೆ." ಮೂರು ಸಲವೂ ಅಕ್ಕ ರಟ್ಟು ತೋರಿಸಿ ಕಳಿಸಿದ್ದಳು.

"ಇದನ್ನ ಎಲ್ಲಿಗೋ ಸಾಗಿಸ್ತಾರಂತೆ, ಹೌದಾ?" ಎಂದಳು ಈಗ.

"ಕಚ್ಚುತ್ತೆ ಅಂತ ಬರೆದಿದೆಯಲ್ಲಮ್ಮಾ," ಎಂದಳು ತಂಗಿ. "ನಮ್ಮಕ್ಕ ಬರೆದಳು ಅಂದ್ರೆ ಮುಗೀತು. ಹುಟ್ಟಿದಾಗಿಂದ ಒಂದು ಸುಳ್ಳಾಡಿದವಳಲ್ಲ."

ಅಡುಗೆಯವಳು ಗೊಣಗನನ್ನು ನೋಡಿದಳು. ಹೇಳಿದರೆ ಸತ್ತವಳಿಗೆ ಕೊಟ್ಟ ಮಾತು ಹೋಯಿತು, ಹೇಳದಿದ್ದರೆ ಗೊಣಗ ಹೋದ. ಇನ್ನೂ ಬೆಂಚಿನ ಮೇಲೆ ಮಲಗಿರುವವಳನ್ನು ಯಾವ ಬಾಯಲ್ಲಿ ಸುಳ್ಳಿ ಎನ್ನುವುದು? ಅವಳು ಬಕೆಟ್ಟು ಕೆಳಗಿಟ್ಟು, ಚಿಲಕ ಸರಿಸಿ ಒಳಗೆ ಹೋಗಿ, ಗೊಣಗನ ಬಾಯಿ ಅಗಲಿಸಿ ಮಣಿಕಟ್ಟಿನವರೆಗೆ ಕೈಯಿಟ್ಟಳು.

"ಏಯ್! ಹುಚ್ಚು ಹಿಡಿದಿದೆಯಾ ನಿನಗೆ?" ಡಾಕ್ಟರು ಕೂಗಿದರು.

ಗೊಣಗ ಸ್ವಲ್ಪ ಗೊಣಗಿದ. ಕೈ ತೆಗೆದ ಮೇಲೆ ಆಕಳಿಸಿದ.

ಅಡುಗೆಯವಳು ಎಲ್ಲವನ್ನೂ ಹೇಳಿದಳು. ತಂಗಿಯ ಮುಖ ಕೆಂಪೇರಿತು. "ಅವಳನ್ನ ಇನ್ನೂ ಎತ್ತಿಲ್ಲ. ಆಗಲೇ ಅವಳ ಮೇಲೆ ದೂರು ಹೇಳೋಕೆ ಶುರು ಮಾಡಿದ್ಯಾ?"

"ಮಾಡಿದೆ ಅಮ್ಮಾ. ನನಗೂ ಕರುಳು ಕಿತ್ತು ಬರ್ತಿದೆ. ಅಕ್ಕ ಇವನನ್ನ ತನ್ನ ಹತ್ರ ಇಟ್ಕೊಳ್ಳೋಕೆ ಬರೆದ್ರು, ಕಿಂಡಿ ಕೋಣೆಗೆ ಕಳಿಸೋಕಲ್ಲ."

ತಂಗಿ ರಟ್ಟಿನ ಮೇಲಿನ ಅಕ್ಕನ ಅಕ್ಷರವನ್ನು ಇನ್ನೊಮ್ಮೆ ಓದಿದಳು. ದರ್ಜಿಯ ಕಡೆ ತಿರುಗಿದಳು. "ವಾಪಸ್ ತಂದು ಬಿಡ್ತೀರಾ?"

"ಇಲ್ಲಿಗೆ ನಾಲ್ಕು ಸಲ ಕುಂಟಿಕೊಂಡು ಬಂದಿದೀನಿ ತಾಯಿ. ಐದನೇ ಸಲ ಬರೋಕೆ ಕಾಲು ಬೇಕಲ್ಲ."

ತಂಗಿಗೆ ನಗು ಬಂತು. ನಗುತ್ತಿದ್ದಂತೆಯೇ ಅಳು ಜೋರಾಯಿತು. "ಕಾಗದ ಎಲ್ಲಿದೆ? ಅಕ್ಕ ಸಹಿ ಮಾಡೋ ಜಾಗದಲ್ಲಿ ನಾನು ಮಾಡ್ತೀನಿ."

ಮಧ್ಯಾಹ್ನ ಅಕ್ಕನನ್ನು ವ್ಯಾನಿಗೆ ಹತ್ತಿಸಿದರು. ತಂಗಿ ಡ್ರೈವರ್ ಪಕ್ಕ ಕೂತಳು, ಅಡುಗೆಯವಳು ಮತ್ತು ಡಾಕ್ಟರು ಹಿಂದೆ ಅಕ್ಕನ ಜೊತೆ. ಗೇಟು ದಾಟಿದರೆ ಎರಡೂ ಕಡೆ ಗೋಡೆಯ ಇಕ್ಕಟ್ಟಾದ ಓಣಿ. ದರ್ಜಿ ಮತ್ತು ಗೊಣಗ ಆಗಲೇ ಅದರ ನಟ್ಟನಡುವೆ ಇದ್ದರು. ಅವಳು ಒಂದು ಹೆಜ್ಜೆ ಎಳೆದರೆ ಅವನೂ ಒಂದು ಹೆಜ್ಜೆ ಇಡುತ್ತಿದ್ದ. ಡ್ರೈವರ್ ಹಾರ್ನಿಗೆ ಕೈ ಹಾಕಿದ.

"ಬೇಡ," ಎಂದು ತಂಗಿ ಅವನ ಕೈ ತಡೆದಳು. "ಅವರು ಮುಂದೆ ಹೋಗ್ಲಿ."

ವ್ಯಾನು ಮೊದಲ ಗೇರಿನಲ್ಲಿ ಅವರ ಹಿಂದೆ ತೆವಳಿತು. ಓಣಿಯ ಕೊನೆಯಲ್ಲಿ ಗೊಣಗ ಲೈಟುಕಂಬದ ಬುಡವನ್ನು ಸುತ್ತೆಲ್ಲ ಮೂಸಿ, ಸಾವಕಾಶವಾಗಿ ಕಾಲೆತ್ತಿದ. ದರ್ಜಿ ನಿಂತಳು. ವ್ಯಾನೂ ನಿಂತಿತು.